ದಾಟಿದ ಮೇಲೆ ಇಳಿಯುವ ಶ್ರುತಿ



ನಿಲ್ಲದ ಫಾಸ್ಟ್ ಲೋಕಲ್ ಹಾರ್ನ್ ಹೊಡೆಯುತ್ತ ಪ್ಲಾಟ್‌ಫಾರ್ಮ್ ದಾಟುವುದನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಗಾಡಿ ನಿಮ್ಮನ್ನು ದಾಟಿದೊಡನೆ ಆ ಸ್ವರ ಥಟ್ಟನೆ ಕೆಳಗಿಳಿಯುತ್ತದೆ. ಮೋಟರ್‌ಮನ್ ಹಾರ್ನ್ ಬದಲಿಸಿದನೇ? ಇಲ್ಲ. ಅವನ ಕಿವಿಗೆ ಅದು ಮೊದಲಿನಿಂದ ಕೊನೆಯವರೆಗೂ ಒಂದೇ ಸ್ವರ.

ಕಾರಣ ಸರಳ. ಶಬ್ದವೆಂದರೆ ಗಾಳಿಯಲ್ಲಿ ಸಾಗುವ ಅಲೆಗಳು. ಅವುಗಳ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಿಮ್ಮತ್ತ ಬರುವ ಗಾಡಿ ಒಂದು ಅಲೆಯನ್ನು ಕಳಿಸಿ ಮತ್ತೊಂದನ್ನು ಕಳಿಸುವಷ್ಟರಲ್ಲಿ ತಾನೂ ತುಸು ಮುಂದೆ ಬಂದಿರುತ್ತದೆ. ಹೀಗಾಗಿ ಅಲೆಗಳು ಒತ್ತೊತ್ತಾಗಿ ಕಿವಿ ಸೇರುತ್ತವೆ, ಶ್ರುತಿ ಏರುತ್ತದೆ. ಗಾಡಿ ದೂರ ಸರಿಯುವಾಗ ಅಲೆಗಳ ನಡುವಿನ ಅಂತರ ಹೆಚ್ಚಿ ಶ್ರುತಿ ಇಳಿಯುತ್ತದೆ.

ಒಂದು ಲೆಕ್ಕ ನೋಡೋಣ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಹಾರ್ನಿನ ಕಂಪನ ಸೆಕೆಂಡಿಗೆ 400 ಎಂದಿಟ್ಟುಕೊಳ್ಳಿ. ಬರುವಾಗ ನಿಮಗೆ ಕೇಳಿಸುವುದು 425, ಹೋಗುವಾಗ ಸುಮಾರು 378. ಸಂಗೀತ ಕಲಿತವರು ಗಮನಿಸಿ: ಇದು ಚತುಃಶ್ರುತಿ ರಿಷಭದಿಂದ ಷಡ್ಜಕ್ಕೆ ಇಳಿದಷ್ಟು!

ಈ ತತ್ತ್ವವನ್ನು 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದವರು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್. ಅವರು ವಿವರಿಸಹೊರಟದ್ದು ಜೋಡಿ ನಕ್ಷತ್ರಗಳ ಬಣ್ಣವನ್ನು. ಆ ವಿವರಣೆ ನಿಲ್ಲಲಿಲ್ಲ, ತತ್ತ್ವ ನಿಂತಿತು. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಉಟ್ರೆಕ್ಟ್ ಬಳಿಯ ರೈಲುಹಾದಿಯಲ್ಲಿ ಇದನ್ನು ಪರೀಕ್ಷಿಸಿದರು. ತುತ್ತೂರಿ ಊದುವವರನ್ನು ರೈಲಿನಲ್ಲಿ ಕೂರಿಸಿ, ಸ್ವರಜ್ಞಾನವುಳ್ಳ ಸಂಗೀತಗಾರರನ್ನು ಹಳಿಯ ಪಕ್ಕ ನಿಲ್ಲಿಸಿದರು. ಕಿವಿಗಳು ಡಾಪ್ಲರ್ ಪರ ಸಾಕ್ಷಿ ನುಡಿದವು. ಇಂದು ವೈದ್ಯರು ರಕ್ತದ ಹರಿವನ್ನು ಅಳೆಯುವುದೂ ಇದೇ ತತ್ತ್ವದಿಂದ. ಚಲಿಸುವ ರಕ್ತಕಣಗಳಿಂದ ಮರಳುವ ಶಬ್ದದ ಕಂಪನ ಬದಲಾಗಿರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯಿದೆ. ಗಾಡಿ ಹತ್ತಿರವಾದಂತೆಲ್ಲ ಶ್ರುತಿ ಏರುತ್ತ ಹೋಗುತ್ತದೆಂದು ಹಲವರು ನಂಬುತ್ತಾರೆ. ಹಾಗಲ್ಲ. ಒಂದೇ ವೇಗದಲ್ಲಿ ನೇರ ನಿಮ್ಮತ್ತ ಬರುವ ಗಾಡಿಯ ಶ್ರುತಿ ಅರ್ಧ ಮೈಲಿ ದೂರದಲ್ಲಿಯೂ ಹತ್ತು ಮಾರು ದೂರದಲ್ಲಿಯೂ ಒಂದೇ. ಹೆಚ್ಚುವುದು ಸದ್ದಿನ ಜೋರು ಮಾತ್ರ. ಶ್ರುತಿ ಇಳಿಯುವುದು ಗಾಡಿ ನಿಮ್ಮನ್ನು ದಾಟುವಾಗ. ಹಳಿಯ ಮೇಲೆ ನಿಂತವನಿಗೆ ಆ ಸೂಚನೆ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಆದ್ದರಿಂದ ಗೆಳೆಯರೇ, ಎಷ್ಟೇ ಅವಸರವಿರಲಿ, ಹಳಿ ದಾಟಬೇಡಿ. ಸೇತುವೆ ಹತ್ತಿ, ಅಲ್ಲಿಂದ ಆ ರಿಷಭ-ಷಡ್ಜಗಳನ್ನು ನಿಶ್ಚಿಂತೆಯಾಗಿ ಆಲಿಸಿ.