ವಯರಿನ ಹೊದಿಕೆ ಸುಲಿಯುವ ಇಕ್ಕಳ: ಆರಿಸುವುದು ಹೇಗೆ?



ನಮ್ಮ ಬೆಳೆಗಾರರ ಮನೆಗಳಲ್ಲಿ ಗುದ್ದಲಿ, ಕತ್ತಿ, ಪ್ರೂನಿಂಗ್ ಕತ್ತರಿಗಳು ಒಳ್ಳೆಯವೇ ಇರುತ್ತವೆ. ಅವುಗಳ ಬೆಲೆ ನೋಡಿ ನಾವು ಹಿಂಜರಿಯುವುದಿಲ್ಲ. ಆದರೆ ಮನೆಯ ವಿದ್ಯುತ್ ಕೆಲಸಕ್ಕೆ ಬೇಕಾದ ಹತ್ಯಾರುಗಳ ವಿಷಯ ಬಂದಾಗ ಒಂದು ಟೆಸ್ಟರ್, ಒಂದು ಹಳೆಯ ಕಟಿಂಗ್ ಪ್ಲೇಯರ್, ಅಡಿಗೆಮನೆಯ ಚಾಕು ಇಷ್ಟಕ್ಕೇ ಮುಗಿಯುತ್ತದೆ. ಪೇಟೆಯಿಂದ ವಯರ್‌ಮನ್ ಬರಲು ಎರಡು ದಿನವಾಗುವ ಊರುಗಳಲ್ಲಿ ಹೋಲ್ಡರು, ಪ್ಲಗ್ಗು, ಪಂಪಿನ ಸ್ಟಾರ್ಟರಿನ ಸಣ್ಣಪುಟ್ಟ ಕೆಲಸಗಳನ್ನು ನಾವೇ ಮಾಡಿಕೊಳ್ಳುತ್ತೇವೆ, ಇಲ್ಲವೇ ತೋಟದ ಹುಡುಗರಿಂದ ಮಾಡಿಸುತ್ತೇವೆ. ಆಗ ವಯರಿನ ತುದಿಯನ್ನು ಚಾಕುವಿನಿಂದ, ಕೆಲವೊಮ್ಮೆ ಹಲ್ಲಿನಿಂದಲೂ ಸುಲಿಯುವುದುಂಟು. ಇದು ಏಕೆ ತಪ್ಪು, ಅದಕ್ಕೆಂದೇ ಇರುವ ಇಕ್ಕಳ, ಅಂದರೆ ವಯರ್ ಸ್ಟ್ರಿಪ್ಪರನ್ನು ಕೊಳ್ಳುವಾಗ ಏನು ನೋಡಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಚಾಕುವಿನಿಂದ ಆಗುವ ಕೆಡುಕು

ಕಾಫಿ ಪಲ್ಪರ್ ನಡೆಸಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಪಲ್ಪರಿನ ಸಂದು ಬಿಗಿಯಾದರೆ ಸಿಪ್ಪೆಯ ಜೊತೆಗೆ ಬೀಜಕ್ಕೂ ಗಾಯವಾಗುತ್ತದೆ. ಸಡಿಲವಾದರೆ ಹಣ್ಣು ಸುಲಿಯದೆಯೇ ಹೊರಬರುತ್ತದೆ. ವಯರಿನ ವಿಷಯವೂ ಹಾಗೆಯೇ. ಹೊದಿಕೆ ಪೂರ್ತಿ ಹೋಗಬೇಕು, ಒಳಗಿನ ಲೋಹಕ್ಕೆ ಗೀರು ಕೂಡ ಬೀಳಬಾರದು.

ಈಗ ಬರುವ ಮನೆಬಳಕೆಯ ತಾಮ್ರದ ವಯರುಗಳಲ್ಲಿ ಕೂದಲಿನಂಥ ಎಳೆಗಳು ಬಹಳ. ಒಂದೂವರೆ ಚದರ ಮಿ.ಮೀ. ವಯರಿನಲ್ಲಿ ಸಾಮಾನ್ಯವಾಗಿ 0.3 ಮಿ.ಮೀ. ದಪ್ಪದ 22 ಎಳೆಗಳು, ಎರಡೂವರೆಯದರಲ್ಲಿ 36 ಎಳೆಗಳು ಇರುತ್ತವೆ. ಚಾಕುವನ್ನು ಸುತ್ತ ತಿರುಗಿಸಿ ಎಳೆದಾಗ 22ರಲ್ಲಿ ಐದಾರು ಎಳೆಗಳು ತುಂಡಾಗಿ ಹೊದಿಕೆಯ ಜೊತೆಗೇ ಹೋಗಿಬಿಡುತ್ತವೆ. ಕಾಲುಭಾಗ ತಾಮ್ರ ಹೋದ ಹಾಗಾಯಿತು. ಒಂಟಿ ಎಳೆಯ ವಯರಾದರೆ ಗೀರು ಬಿದ್ದ ಜಾಗದಲ್ಲಿ ಬಗ್ಗಿಸಿದೊಡನೆ ಮುರಿಯುವ ಭಯ. ಅಲ್ಯೂಮಿನಿಯಮ್ ಈ ವಿಷಯದಲ್ಲಿ ತಾಮ್ರಕ್ಕಿಂತ ಬಹಳ ನಾಜೂಕು. ಹಳೆಯ ಮನೆಗಳಲ್ಲಿ, ಕೂಲಿ ಲೈನುಗಳಲ್ಲಿ, ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರುಗಳಲ್ಲಿ ಅಲ್ಯೂಮಿನಿಯಮ್ ಇನ್ನೂ ಇದೆ ಎಂಬುದನ್ನು ಮರೆಯಬಾರದು.

ಸುಲಿದ ಉದ್ದವೂ ಮುಖ್ಯ. ಹೆಚ್ಚು ಸುಲಿದರೆ ಬರಿಯ ತಂತಿ ಟರ್ಮಿನಲಿನ ಹೊರಗೆ ಕಾಣುತ್ತದೆ. ಕಡಿಮೆ ಸುಲಿದರೆ ಸ್ಕ್ರೂ ತಂತಿಯನ್ನು ಹಿಡಿಯುವ ಬದಲು ಹೊದಿಕೆಯನ್ನು ಹಿಡಿಯುತ್ತದೆ. ಮೇಲೆ ನೋಡಿದರೆ ಬಿಗಿ, ಒಳಗೆ ಸಡಿಲ. ಇದರ ಫಲವನ್ನು ಒಂದು ಲೆಕ್ಕದಿಂದ ನೋಡೋಣ. 3000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಸಡಿಲ ಜೋಡಣೆಯಲ್ಲಿ ಓಮಿನ ಹತ್ತನೆಯ ಒಂದು ಭಾಗದಷ್ಟು ತಡೆ ಇದ್ದರೂ ಆ ಒಂದು ಬಿಂದುವಿನಲ್ಲಿ 17 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಕಡ್ಡಿಯೊಂದನ್ನು ಸ್ವಿಚ್ ಬೋರ್ಡಿನ ಒಳಗೆ ಹಚ್ಚಿಟ್ಟ ಹಾಗೆ.

“ಎಂ.ಸಿ.ಬಿ. ಇದೆಯಲ್ಲ, ಅದು ಬೀಳುವುದಿಲ್ಲವೇ?” ಎಂದು ಹಲವರು ಕೇಳುತ್ತಾರೆ. ಬೀಳುವುದಿಲ್ಲ. ಎಂ.ಸಿ.ಬಿ. ಬೀಳುವುದು ಕರೆಂಟು ಮಿತಿ ಮೀರಿದಾಗ. ಸಡಿಲ ಜೋಡಣೆಯಲ್ಲಿ ಕರೆಂಟು ಹೆಚ್ಚುವುದಿಲ್ಲ, ಶಾಖ ಮಾತ್ರ ಹೆಚ್ಚುತ್ತದೆ. ಭೂಮಿಗೆ ಸೋರಿಕೆಯನ್ನು ಹಿಡಿಯುವ ಆರ್.ಸಿ.ಸಿ.ಬಿ.ಗೂ ಇದು ಗೊತ್ತಾಗುವುದಿಲ್ಲ. ಮರದ ಅಟ್ಟ, ಗೋಣಿಚೀಲ, ಒಣ ಅಡಿಕೆ ಇರುವ ನಮ್ಮ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಮೂರು ಫೇಸಿನ ಮೋಟಾರುಗಳಲ್ಲಿ ಇನ್ನೊಂದು ಅಪಾಯವುಂಟು. ಸ್ಟಾರ್ಟರಿನ ಟರ್ಮಿನಲಿನಲ್ಲಿ ಗಾಯವಾದ ಒಂದು ತಂತಿ ಅದುರಿ ಅದುರಿ ಮುರಿದರೆ, ಮೋಟಾರು ಉಳಿದ ಎರಡು ಫೇಸಿನಲ್ಲಿಯೇ ಓಡಲು ಹೆಣಗುತ್ತದೆ. ಸ್ಟಾರ್ಟರಿನ ರಿಲೇ ಸರಿಯಾಗಿಲ್ಲದಿದ್ದರೆ ಸುರುಳಿ ಸುಟ್ಟುಹೋಗುತ್ತದೆ. ಪಲ್ಪಿಂಗ್ ನಡೆಯುವ ದಿನಗಳಲ್ಲೋ, ಮಾರ್ಚಿಯಲ್ಲಿ ಹೂಮಳೆ ಬಾರದೆ ಸ್ಪ್ರಿಂಕ್ಲರ್ ನಡೆಸುವಾಗಲೋ ಮೋಟಾರು ಸುಟ್ಟರೆ ಆಗುವ ನಷ್ಟ ಏನೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಮೊದಲು ವಯರಿನ ಅಳತೆ

ನಮ್ಮಲ್ಲಿ ಮನೆ ವಯರಿಂಗ್ ಎಂದರೆ ಬಹುಮಟ್ಟಿಗೆ ಪೈಪಿನೊಳಗೆ ಬಿಡಿಬಿಡಿಯಾಗಿ ಎಳೆದ ಪಿ.ವಿ.ಸಿ. ವಯರುಗಳು. ಐ.ಎಸ್. 694 ಗುರುತಿನ ಈ ವಯರುಗಳಲ್ಲಿ ನಮಗೆ ಬೇಕಾಗುವುದು ಮುಖ್ಯವಾಗಿ 1, 1.5, 2.5 ಮತ್ತು 4 ಚದರ ಮಿ.ಮೀ.; ಮೈನಿಗೆ 6. ಆದುದರಿಂದ 1ರಿಂದ 6 ಚದರ ಮಿ.ಮೀ.ವರೆಗೆ ಚೆನ್ನಾಗಿ ಸುಲಿಯುವ ಇಕ್ಕಳ ಒಂದು ಮನೆಗೆ ಸಾಕು. ಅಮೆರಿಕದಲ್ಲಿ ಎರಡು ತಂತಿ, ಒಂದು ಅರ್ಥ್ ತಂತಿ ಸೇರಿಸಿ ಹೊದಿಸಿದ ಚಪ್ಪಟೆ ಕೇಬಲನ್ನು ಮನೆಗಳಿಗೆ ಬಳಸುತ್ತಾರೆ. ಅದಕ್ಕೆಂದು ಮಾಡಿದ ವಿಶೇಷ ಇಕ್ಕಳಗಳು ಇಲ್ಲಿಯ ಅಂಗಡಿಗಳಿಗೂ ಬರುತ್ತವೆ. ನಮಗೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ.

ಇಕ್ಕಳದ ಬಗೆಗಳು

1. ಸ್ಕ್ರೂ ಇರುವ ಸಾದಾ ಇಕ್ಕಳ: ಬಾಯಿಯಲ್ಲಿ ‘ವಿ’ ಆಕಾರದ ಕಚ್ಚು, ಎಷ್ಟು ಮುಚ್ಚಬೇಕೆಂಬುದನ್ನು ಒಂದು ಸ್ಕ್ರೂ ನಿಲ್ಲಿಸುತ್ತದೆ. ಅಗ್ಗ, ಗಟ್ಟಿ. ಒಂದೇ ಅಳತೆಯ ವಯರಿನಲ್ಲಿ ಇಡೀ ದಿನ ಕೆಲಸ ಮಾಡುವವರಿಗೆ ಒಳ್ಳೆಯದು. ಆದರೆ ವಯರು ಬದಲಾದಾಗಲೆಲ್ಲ ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಅವಸರದವರು ಹೊಂದಿಸುವುದಿಲ್ಲ, ಅಲ್ಲಿಗೆ ಚಾಕುವಿಗೂ ಇದಕ್ಕೂ ವ್ಯತ್ಯಾಸವಿಲ್ಲ.

2. ಅಳತೆಯ ತೂತುಗಳ ಇಕ್ಕಳ: ಒಂದೊಂದು ಅಳತೆಗೆ ಒಂದೊಂದು ದುಂಡು ತೂತು, ಪಕ್ಕದಲ್ಲಿ ಸಂಖ್ಯೆ. ಸರಿಯಾದ ತೂತಿನಲ್ಲಿಟ್ಟು ಒತ್ತಿ ಎಳೆದರೆ ಆಯಿತು. ಮೊನೆಯಲ್ಲಿ ಇಕ್ಕಳ, ಬುಡದಲ್ಲಿ ಕತ್ತರಿ ಸೇರಿರುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಮನೆಗೆ ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು.

3. ತಾನಾಗಿ ಹೊಂದಿಕೊಳ್ಳುವ ಇಕ್ಕಳ: ಒಂದು ಬಾಯಿ ವಯರನ್ನು ಹಿಡಿಯುತ್ತದೆ, ಇನ್ನೊಂದು ಹೊದಿಕೆಯನ್ನು ಕಚ್ಚಿ ಎಳೆಯುತ್ತದೆ, ಒಂದು ಒತ್ತಿಗೆ ಕೆಲಸ ಮುಗಿಯುತ್ತದೆ. ಹೊಸ ಮನೆಯ ವಯರಿಂಗಿನಲ್ಲಿ ನೂರಾರು ತುದಿ ಸುಲಿಯುವವರಿಗೆ ಕೈನೋವು ಉಳಿಯುತ್ತದೆ. ಬೆಲೆ ಹೆಚ್ಚು. ಸ್ಪ್ರಿಂಗು, ಬ್ಲೇಡುಗಳಿರುವುದರಿಂದ ಮಳೆಗಾಲದ ತೇವ, ಕಣದ ಧೂಳು ಇದಕ್ಕೆ ಆಗುವುದಿಲ್ಲ. ಅಗ್ಗದವುಗಳಲ್ಲಿ ಬಾಯಿ ಜಾರುತ್ತದೆ. ಹಳೆಯದಾಗಿ ಗಡುಸಾದ ಹೊದಿಕೆಯ ಮೇಲಂತೂ ಹೆಚ್ಚು.

ಬೋರ್‌ವೆಲ್ ಪಂಪಿನ ಚಪ್ಪಟೆ ಮೂರು ತಂತಿಯ ಕೇಬಲಿನ ಹೊರ ಹೊದಿಕೆಗೆ ಈ ಮೂರೂ ಸರಿಹೋಗವು. ಅದಕ್ಕೆ ಕೇಬಲ್ ಚಾಕು ಬೇಕು. ಹೊರ ಹೊದಿಕೆಯನ್ನು ಪೂರ್ತಿ ಕೊಯ್ಯದೆ ಮುಕ್ಕಾಲು ಭಾಗ ಗೀರಿ, ಬಗ್ಗಿಸಿ ಬಿರಿಸಿ ತೆಗೆಯಬೇಕು. ಒಳಗಿನ ಮೂರು ತಂತಿಗಳಿಗೆ ಆಮೇಲೆ ಇಕ್ಕಳ.

ಸಂಖ್ಯೆಗಳ ಗೊಂದಲ

ಇಲ್ಲಿ ಬಹಳ ಜನ ಮೋಸಹೋಗುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಹಿರಿಯ ವಯರ್‌ಮನ್‌ಗಳು ಇಂದಿಗೂ 1/18, 3/20, 7/20 ಎನ್ನುತ್ತಾರೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಬ್ರಿಟಿಷ್ ಗೇಜಿನಲ್ಲಿ ಒಂದೊಂದು ಎಳೆಯ ದಪ್ಪ. ಪೇಟೆಯಲ್ಲಿ ಸಿಗುವ ಅನೇಕ ಇಕ್ಕಳಗಳ ಮೇಲೆ ಇರುವುದು ಅಮೆರಿಕದ ಗೇಜು, ಅದಕ್ಕೆ ಎ.ಡಬ್ಲ್ಯು.ಜಿ. ಎಂಬ ಗುರುತು. ಎರಡರಲ್ಲೂ 18 ಇದೆ, ಆದರೆ ಎರಡೂ ಒಂದಲ್ಲ. ಬ್ರಿಟಿಷ್ 18ನೆಯ ತಂತಿ 1.22 ಮಿ.ಮೀ. ದಪ್ಪ, ಅಮೆರಿಕದ 18 ಕೇವಲ 1.02 ಮಿ.ಮೀ. ಹಳೆಯ 1/18 ವಯರನ್ನು 18 ಎಂದು ಬರೆದ ತೂತಿನಲ್ಲಿಟ್ಟರೆ ತಂತಿಗೆ ಗಾಯ ಖಂಡಿತ. ಅದಕ್ಕೆ 16ರ ತೂತು ಬೇಕು.

ಚದರ ಮಿ.ಮೀ. ಗುರುತು ಇರುವ ಇಕ್ಕಳ ಸಿಕ್ಕಿದರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಈ ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಳ್ಳಿ:

1 ಚದರ ಮಿ.ಮೀ. — ಅಮೆರಿಕದ ಗೇಜು 16
1.5 ಚದರ ಮಿ.ಮೀ. — 14
2.5 ಚದರ ಮಿ.ಮೀ. — 12
4 ಚದರ ಮಿ.ಮೀ. — 10

ನಮ್ಮ ಅಳತೆಗಳು ಆ ಗೇಜಿನ ಎರಡು ಸಂಖ್ಯೆಗಳ ನಡುವೆ ಬೀಳುವುದರಿಂದ ಇಲ್ಲಿ ದೊಡ್ಡ ತೂತನ್ನೇ ಕೊಟ್ಟಿದೆ. ಈ ಗೇಜಿನಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ತೂತು ದೊಡ್ಡದು. ಸಂಶಯ ಬಂದಾಗ ದೊಡ್ಡ ತೂತಿನಿಂದ ಆರಂಭಿಸಿ. ಹೊದಿಕೆ ಸ್ವಲ್ಪ ಗಟ್ಟಿಯಾಗಿ ಬಂದರೆ ನಷ್ಟವಿಲ್ಲ, ತಾಮ್ರ ಕತ್ತರಿಸಿದರೆ ನಷ್ಟ.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಗೆ ಹೋಗುವಾಗ 1, 1.5, 2.5, 4ರ ಗೇಣುದ್ದದ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂದೊಂದನ್ನೂ ಎರಡು ಮೂರು ಬಾರಿ ಸುಲಿದು ನೋಡಿ. ಹೊದಿಕೆಯ ಅಂಚು ನೇರವಾಗಿ ಕತ್ತರಿಸಿರಬೇಕು, ಎಳೆದು ಹರಿದಂತೆ ಇರಬಾರದು. ಎಳೆಗಳನ್ನು ಬಿಡಿಸಿ ಎಣಿಸಿ. ಎಲ್ಲವೂ ಇವೆಯೇ ನೋಡಿ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದರೆ ಎರಡು ಅಲಗುಗಳು ಒಂದಕ್ಕೊಂದು ಸರಿಯಾಗಿ ಕೂಡಿರಬೇಕು. ಕೀಲು ಅತ್ತಿತ್ತ ಅಲುಗಬಾರದು. ಅಂಗಡಿಯವರು ಪರೀಕ್ಷೆಗೆ ಒಪ್ಪದಿದ್ದರೆ ಬೇರೆ ಅಂಗಡಿ ನೋಡುವುದು ಲೇಸು.

ಹಿಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಂಪು, ಹಳದಿ ಪ್ಲಾಸ್ಟಿಕ್ ಹೊದಿಸಿದ ಮಾತ್ರಕ್ಕೆ ಹಿಡಿ ವಿದ್ಯುತ್ತನ್ನು ತಡೆಯುತ್ತದೆಂದು ತಿಳಿಯಬಾರದು. ಆ ಪ್ಲಾಸ್ಟಿಕ್ ಅನೇಕ ಬಾರಿ ಕೈಗೆ ಹಿತವಾಗಿರಲಿ ಎಂದಷ್ಟೇ ಇರುತ್ತದೆ. ಪರೀಕ್ಷೆಯಾದ ಹಿಡಿಯ ಮೇಲೆ 1000 ವೋಲ್ಟ್ ಎಂಬ ಬರಹವೂ ಎರಡು ತ್ರಿಕೋನಗಳ ಗುರುತೂ ಇರುತ್ತವೆ. ಅದು ಇದ್ದರೂ ಕರೆಂಟು ಇರುವ ವಯರನ್ನು ಸುಲಿಯಬಾರದು.

ಬಳಸುವ ಕ್ರಮ

ಮೈನ್ ಸ್ವಿಚ್ ಆರಿಸಿ. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಪರೀಕ್ಷಿಸಿ, ಆಮೇಲೆ ಕೆಲಸದ ವಯರಿಗೆ ಮುಟ್ಟಿಸಿ. ಯು.ಪಿ.ಎಸ್. ಇರುವ ಮನೆಗಳಲ್ಲಿ ಅದನ್ನೂ ಆರಿಸಬೇಕು; ಮೈನ್ ತೆಗೆದರೂ ಅದರಿಂದ ಕರೆಂಟು ಬರುತ್ತಿರುತ್ತದೆ. ಸ್ವಿಚ್ಚಿನ ಟರ್ಮಿನಲಿಗೆ ಸಾಮಾನ್ಯವಾಗಿ 8ರಿಂದ 12 ಮಿ.ಮೀ. ಸುಲಿದರೆ ಸಾಕು. ಎಳೆಗಳನ್ನು ಹುರಿಮಾಡಿ, ಪೂರ್ತಿ ಒಳಗೆ ಸೇರಿಸಿ, ಸ್ಕ್ರೂ ಬಿಗಿಮಾಡಿದ ಮೇಲೆ ವಯರನ್ನು ಒಮ್ಮೆ ಎಳೆದು ನೋಡಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ಎಳೆಗಳು ತುಂಡಾಗಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿಯಿರಿ. ಉಳಿದವು ಸಾಕೆಂದು ಸಮಾಧಾನ ಮಾಡಿಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಇಕ್ಕಳದ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಒರೆಸಿಡಿ. ನಮ್ಮ ಮಳೆಗಾಲದಲ್ಲಿ ಇದನ್ನು ಮರೆತರೆ ಸೆಪ್ಟೆಂಬರಿಗೆ ಬಾಯಿ ತೆರೆಯುವುದಿಲ್ಲ.

ಕೊನೆಯದಾಗಿ ಒಂದು ಮಾತು. ಒಳ್ಳೆಯ ಇಕ್ಕಳ ಇದ್ದ ಮಾತ್ರಕ್ಕೆ ಎಲ್ಲರೂ ವಯರ್‌ಮನ್ ಆಗುವುದಿಲ್ಲ. ಹೊಸ ವಯರಿಂಗ್, ಮೈನ್ ಬೋರ್ಡು, ಮೀಟರಿನ ಕಡೆಯ ಕೆಲಸಗಳನ್ನು ಲೈಸೆನ್ಸ್ ಉಳ್ಳವರಿಂದಲೇ ಮಾಡಿಸಬೇಕು. ಆದರೆ ಅವರು ಬಂದಾಗ ಯಾವ ಹತ್ಯಾರು ಹಿಡಿದಿದ್ದಾರೆ, ತುದಿಗಳನ್ನು ಹೇಗೆ ಸುಲಿಯುತ್ತಿದ್ದಾರೆ ಎಂದು ನಿಂತು ನೋಡುವ ಹಕ್ಕು ನಮಗುಂಟು. ನಮ್ಮ ಮನೆಗೆ ಎಷ್ಟು ಮುತುವರ್ಜಿಯೋ ಕೂಲಿ ಲೈನಿನ ಮನೆಗಳಿಗೂ ಅಷ್ಟೇ ಮುತುವರ್ಜಿ ಬೇಕು. ಅಲ್ಲಿಯ ಬೋರ್ಡುಗಳನ್ನು ಈ ಮಳೆಗಾಲಕ್ಕೆ ಮೊದಲು ಒಮ್ಮೆ ಬಿಚ್ಚಿಸಿ ನೋಡಬೇಕೆಂದು ಸದಸ್ಯರಲ್ಲಿ ಕೋರುತ್ತೇನೆ. ಪ್ರತಿಯೊಬ್ಬರೂ ಇಕ್ಕಳ ಕೊಳ್ಳಲಾಗದಿದ್ದರೆ ಊರಿಗೊಂದರಂತೆ ನಾಲ್ಕು ಮನೆಯವರು ಸೇರಿ ಕೊಂಡರೂ ಆದೀತು. ಸಹಕಾರ ಎಂದರೆ ಅದೂ ಒಂದು.

— ಕಾರ್ಯದರ್ಶಿ