ಕ್ರಾಲ್‌ಸ್ಪೇಸ್: ಮೊದಲು ತೇವ ನಿಲ್ಲಿಸಿ, ಆಮೇಲೆ ಇನ್ಸುಲೇಶನ್

ಅಮೆರಿಕದ ಜಾರ್ಜಿಯಾ, ಉತ್ತರ ಕ್ಯಾರೊಲೈನಾ ಕಡೆ ಎಷ್ಟೋ ಮನೆಗಳ ನೆಲ ಮಣ್ಣಿಗೆ ತಾಗಿರುವುದಿಲ್ಲ. ಮರದ ತೊಲೆಗಳ ಮೇಲೆ ನೆಲ, ಅದರಡಿ ತೆವಳಿ ಹೋಗುವಷ್ಟೇ ಜಾಗ. ಇದೇ ಕ್ರಾಲ್‌ಸ್ಪೇಸ್. ಚಳಿಗಾಲದಲ್ಲಿ ನೆಲ ಕೊರೆಯುತ್ತದೆ ಅಂತ ತೊಲೆಗಳ ಮಧ್ಯೆ ಇನ್ಸುಲೇಶನ್ ತುರುಕಿಬಿಡುತ್ತಾರೆ. ಒದ್ದೆ ಜಾಗದಲ್ಲಿ ಹೀಗೆ ಮಾಡಿದರೆ ಬೂಷ್ಟು ಒಳಗೇ ಬೆಳೆಯುತ್ತದೆ, ಮರ ಕೊಳೆಯುತ್ತದೆ.

ತೇವ ಎಲ್ಲಿಂದ ಬರುತ್ತದೆ? ಮಣ್ಣಿನಿಂದ, ಮಳೆನೀರಿನಿಂದ, ಸೋರುವ ಪೈಪಿನಿಂದ. ಬೇಸಿಗೆಯಲ್ಲಿ ಹೊರಗಿನ ಬಿಸಿ ಗಾಳಿಯಿಂದಲೂ ಬರುತ್ತದೆ. ಎ.ಸಿ.ಯಿಂದ ತಂಪಾದ ನೆಲಕ್ಕೆ ಆ ಗಾಳಿ ತಾಗಿದರೆ, ತಣ್ಣೀರಿನ ಲೋಟ ಬೆವರುವ ಹಾಗೆ ಮರವೂ ಬೆವರುತ್ತದೆ.

ಕೆಲಸದ ಕ್ರಮ ಹೀಗಿರಲಿ:

1. ಚಾವಣಿಯ ನೀರು ಗೋಡೆಯಿಂದ ದೂರ ಹರಿಯಲಿ. ಪೈಪ್ ಸೋರಿಕೆ ನಿಲ್ಲಿಸಿ. ಬಟ್ಟೆ ಒಣಗಿಸುವ ಡ್ರೈಯರ್‌ನ ಗಾಳಿ ಮನೆಯಡಿಗೆ ಬಿಡದೆ ಹೊರಗೆ ಹೋಗಲಿ.

2. ಮಣ್ಣಿನ ಮೇಲೆ ಕನಿಷ್ಠ 6 ಮಿಲ್ ದಪ್ಪದ ಪಾಲಿಥೀನ್ ಹಾಳೆ ಹಾಸಿ. ಅಂಚುಗಳು ಒಂದರ ಮೇಲೊಂದು 6ರಿಂದ 12 ಇಂಚು ಬರಲಿ, ಟೇಪ್ ಹಚ್ಚಿ.

3. ಬೂಷ್ಟು 10 ಚದರ ಅಡಿಗಿಂತ ಹೆಚ್ಚಿದ್ದರೆ ಅನುಭವಸ್ಥರನ್ನು ಕರೆಸಿ. ಒದ್ದೆಯಾದ ಹಳೇ ಫೈಬರ್‌ಗ್ಲಾಸ್ ತೆಗೆದು ಬಿಸಾಡಿ.

4. ಮೀಟರಿನಲ್ಲಿ ಮರದ ತೇವ 20%ಗಿಂತ ಕಡಿಮೆ ಬರುವವರೆಗೆ ಕಾಯಿರಿ.

5. ಆಮೇಲೆ ಇನ್ಸುಲೇಶನ್. ನೆಲದ ಹಲಗೆಗೆ ಅಂಟಿ ಕೂರಬೇಕು, ಜೋತುಬೀಳಬಾರದು. ಗಾಳಿಕಿಂಡಿ ಪೂರ್ತಿ ಮುಚ್ಚಿದ ಕ್ರಾಲ್‌ಸ್ಪೇಸ್ ಆದರೆ ನೆಲಕ್ಕಲ್ಲ, ಸುತ್ತಲಿನ ಗೋಡೆಗೆ ಹಾಕುವುದು ವಾಡಿಕೆ. ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಕೂಡ ಬೇಕಾಗಬಹುದು. ಅಲ್ಲಿ ಗ್ಯಾಸ್ ಹೀಟರ್ ಇದ್ದರೆ ತಜ್ಞರನ್ನು ಕೇಳದೆ ಕಿಂಡಿ ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ಬಾಡಿಗೆಗೆ ಇರುವವರು: ಮುಗ್ಗಲು ವಾಸನೆ ಬಂದರೆ ನೀವೇ ಕೈಹಾಕಬೇಡಿ. ಫೋಟೋ ತೆಗೆದು ಮನೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಕೂಲಿಗೆ ಕೆಳಗಿಳಿಯುವವರು: ಎನ್-95 ಮಾಸ್ಕ್, ಕೈಗವಸು, ಕನ್ನಡಕ ಇಲ್ಲದೆ ಇಳಿಯಬೇಡಿ. ಮೇಲೆ ಒಬ್ಬರು ಕಾಯುತ್ತಿರಲಿ. ನಿಂತ ನೀರಿದ್ದರೆ ಮೊದಲು ಕರೆಂಟ್ ತೆಗೆಸಿ. ಹಳೇ ಪೈಪಿನ ಸುತ್ತಿದ ಹೊದಿಕೆ ಕಲ್ನಾರು ಇರಬಹುದು; ಮುಟ್ಟಬೇಡಿ. ಕೆಲಸಕ್ಕೆ ಕಡ್ಡಾಯವಾದ ಸುರಕ್ಷಾ ಸಾಮಗ್ರಿ ಸಾಮಾನ್ಯವಾಗಿ ಕೆಲಸ ಕೊಟ್ಟವರ ಖರ್ಚಿನದು. ವೀಸಾ ಯಾವುದೇ ಇರಲಿ, ಸುರಕ್ಷಿತವಾಗಿ ಕೆಲಸ ಮಾಡುವ ಹಕ್ಕು ನಿಮಗಿದೆ. ದೂರಿಗೆ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ: 1-800-321-6742.