ಬಿರುಗಾಳಿಗೆ ಬೆಲೆ ತೆತ್ತ ಚಿತ್ರ

ಕಾನೂನು ಕುಸಿದು ಭಯವೇ ಆಳುವ ನಾಡನ್ನು ತೋರಿಸುವ ಚಿತ್ರಗಳು ಪಶ್ಚಿಮದಲ್ಲಿ ಹೇರಳ. 1978ರಲ್ಲಿ ಡೆರೆಕ್ ಜಾರ್ಮನ್ ಇಂಗ್ಲೆಂಡಿನಲ್ಲಿ ತೆಗೆದ ‘ಜುಬಿಲಿ’ ಅವುಗಳಲ್ಲೊಂದು. ಮೊದಲನೆಯ ಎಲಿಜಬೆತ್ ರಾಣಿ ಕಾಲ ದಾಟಿ ಬಂದು, ಹಾಳುಬಿದ್ದ ತನ್ನ ದೇಶವನ್ನು ಕಾಣುವ ಕಥೆ ಅದು. ಪಂಕ್ ರಾಕ್ ಗಾಯಕರೂ ಅದರಲ್ಲಿ ನಟಿಸಿದ್ದಾರೆ. ಅದನ್ನು ಮೆಚ್ಚುವ ರಸಿಕರ ಬಳಗ ಇಂದಿಗೂ ಇದೆ. ಆದರೆ ಅದಕ್ಕೊಂದು ವರ್ಷ ಮೊದಲೇ ಕನ್ನಡದಲ್ಲಿ ಅದೇ ಕಳವಳದ ಚಿತ್ರವೊಂದು ಬಂದಿತ್ತು. ಅದು ಪಟ್ಟಾಭಿರಾಮ ರೆಡ್ಡಿಯವರ ‘ಚಂಡಮಾರುತ’.

ರೆಡ್ಡಿಯವರು ನೆಲ್ಲೂರಿನ ತೆಲುಗು ಕವಿ. ತೆಲುಗರೊಬ್ಬರು ಕನ್ನಡದಲ್ಲಿ ಚಿತ್ರ ತೆಗೆದರೆಂಬುದು ರೊದ್ದಂ, ಹಿಂದೂಪುರದ ಕಡೆಯವರಿಗಾಗಲಿ, ಗಡಿನಾಡಿನ ನಮಗಾಗಲಿ ಸೋಜಿಗವಲ್ಲ. 1970ರ ‘ಸಂಸ್ಕಾರ’ದಿಂದ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದವರು ಅವರೇ. ‘ಚಂಡಮಾರುತ’ಕ್ಕೆ ಆಧಾರ ಪಿ. ಲಂಕೇಶರ ‘ಕ್ರಾಂತಿ ಬಂತು, ಕ್ರಾಂತಿ’ ನಾಟಕ. ತುರ್ತು ಪರಿಸ್ಥಿತಿಗೆ ಮುಂಚೆಯೇ ಬರೆದದ್ದು.

1975ರ ಜೂನ್ 25ರಂದು ಕಲ್ಪನೆಯ ಬಿರುಗಾಳಿ ನಿಜವಾಗಿಯೇ ಬೀಸಿತು. ರೆಡ್ಡಿಯವರ ಪತ್ನಿ, ‘ಸಂಸ್ಕಾರ’ದ ಚಂದ್ರಿ, ‘ಚಂಡಮಾರುತ’ದಲ್ಲೂ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರೊಡನೆ ಇದ್ದ ಸ್ನೇಹವೇ ಮುಳುವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಆಸ್ತಮಾದಿಂದ ಬಳಲುತ್ತಿದ್ದ ಅವರು ಎಂಟು ತಿಂಗಳು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಕಳೆದರು. 1977ರ ಜನವರಿ 15ರಂದು ಪೆರೋಲ್ ದೊರೆಯಿತು, 20ರಂದು ಕೊನೆಯುಸಿರೆಳೆದರು. ತುರ್ತು ಪರಿಸ್ಥಿತಿ ಹಿಂತೆಗೆದದ್ದು ಮಾರ್ಚ್ 21ರಂದು, ಎರಡು ತಿಂಗಳು ತಡವಾಗಿ.

ಮುಂದಾಗುವುದನ್ನು ಹೇಳಿತೆಂಬ ಕಾರಣಕ್ಕೆ ಚಿತ್ರವೊಂದು ದೊಡ್ಡದಾಗುವುದಿಲ್ಲ. ಬೀದಿ ಪುಂಡಾಟದ, ಸಿಡಿಲಬ್ಬರದ ಸಂಗೀತದ ಚಿತ್ರ ನೋಡಿ ಮನೆಗೆ ಮರಳುವುದು ಸುಲಭ. ‘ಚಂಡಮಾರುತ’ದ ನಟಿಗೆ ಆ ಅನುಕೂಲ ಒದಗಲಿಲ್ಲ. ಆ ಚಿತ್ರ ಇಂದಿಗೂ ಪ್ರಸ್ತುತವಾಗಿರುವುದು ಅದಕ್ಕಾಗಿ.

ಈ ಮಾತು ನಮಗೆ ಇನ್ನಷ್ಟು ಹತ್ತಿರದ್ದು. ಎಣಿಕೆಯಲ್ಲಿ ಕಡಮೆಯಿರುವವರಿಗೆ ಕೈಯಲ್ಲಿರುವ ಆಸ್ತಿ ಮಾತೊಂದೇ. ಶಾಲೆಗಾಗಿ, ಕಚೇರಿಯ ಕನ್ನಡ ಅರ್ಜಿಗಾಗಿ ನಾವು ದನಿಯೆತ್ತುವುದು ಆ ಬಲದಿಂದಲೇ. ಬಾಯಿ ಕಟ್ಟುವ ಕಾಲ ಬಂದರೆ ಮೊದಲು ಅಡಗುವುದು ಸಣ್ಣ ದನಿ.

ಆ ಹಳೆಯ ಜೈಲಿನ ಆವರಣ ಇಂದು ಫ್ರೀಡಂ ಪಾರ್ಕ್ ಆಗಿದೆ. ಜನ ಅಲ್ಲಿ ಸೇರಿ ಧರಣಿ ಕೂರುತ್ತಾರೆ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿ, ಸ್ನೇಹಲತಾ ಅವರ ಹೆಸರನ್ನೊಮ್ಮೆ ಹೇಳೋಣ.